ನಲವತ್ತು ಕಾರಣಗಳ ಪಟ್ಟಿ ಮತ್ತು ಮುನ್ನೂರು ಮೀಟರ್ ಜಾಗ

ಪ್ರಶ್ನೆ: ನಾನು ನಿರ್ಮಾಣ ನಿರ್ವಹಣೆ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿನಿ. ರಸ್ತೆ ಯೋಜನೆಗಳ ಅನುಷ್ಠಾನದ ಮೇಲೆ ಪರಿಣಾಮ ಬೀರುವ ಅಂಶಗಳ ಕುರಿತು ಪ್ರಬಂಧ ಬರೆಯುತ್ತಿದ್ದೇನೆ. ಹಣ, ಭೂಮಿ, ಮಳೆ, ಗುತ್ತಿಗೆದಾರರ ಸಾಮರ್ಥ್ಯ, ವಿನ್ಯಾಸ ಬದಲಾವಣೆ, ರಾಜಕೀಯ ಹಸ್ತಕ್ಷೇಪ ಹೀಗೆ ನಲವತ್ತು ಅಂಶಗಳ ಪಟ್ಟಿ ಸಿದ್ಧವಾಗಿದೆ. ಪ್ರಶ್ನಾವಳಿ ಹಂಚಿ ಇವುಗಳಿಗೆ ಶ್ರೇಯಾಂಕ ಕೊಡಬೇಕೆಂದಿದ್ದೇನೆ. ಸೈಟಿನಲ್ಲಿ ಕೆಲಸ ಮಾಡಿದವರ ಕಣ್ಣಿನಲ್ಲಿ ಇವುಗಳ ಪೈಕಿ ನಿಜಕ್ಕೂ ದೊಡ್ಡದು ಯಾವುದು?

ಉತ್ತರ: ಮೊದಲು ನಿಮ್ಮ ಪ್ರಶ್ನಾವಳಿಯ ಬಗ್ಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅದನ್ನು ಗುತ್ತಿಗೆದಾರರ ಕೈಗೆ ಕೊಟ್ಟರೆ ಬಿಲ್ಲು ತಡವಾಗುವುದೇ ಮೊದಲ ಕಾರಣ ಎಂದು ಬರುತ್ತದೆ. ಕೆಲಸ ಕೊಟ್ಟ ಇಲಾಖೆಗೆ ಕಳುಹಿಸಿದರೆ ಗುತ್ತಿಗೆದಾರನಿಗೆ ಸಾಮರ್ಥ್ಯವಿಲ್ಲ ಎಂಬ ಉತ್ತರ. ನಡುವೆ ಕುಳಿತ ಸಲಹೆಗಾರ ಎಂಜಿನಿಯರು ಇಬ್ಬರ ಮೇಲೂ ಅರ್ಧರ್ಧ ಹಾಕಿ, ಹವಾಮಾನಕ್ಕೂ ಒಂದಿಷ್ಟು ಪಾಲು ಕೊಡುತ್ತಾರೆ. ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ ಸಿಗುವುದು ಯಾರು ಯಾರನ್ನು ದೂರುತ್ತಾರೆ ಎಂಬ ಲೆಕ್ಕ. ಕೆಲಸ ಏಕೆ ನಿಂತಿತು ಎಂಬ ಲೆಕ್ಕ ಅದರಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿರುವ ನಲವತ್ತು ಅಂಶಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿಲ್ಲ, ಒಂದರಿಂದ ಒಂದು ಹುಟ್ಟಿಕೊಳ್ಳುತ್ತವೆ. ಹುಟ್ಟಿದ ಕೊನೆಯ ಕೂಸಿನ ಹೆಸರು ಮಾತ್ರ ವರದಿಯಲ್ಲಿ ದಾಖಲಾಗುತ್ತದೆ.

ನಾನು ವೃತ್ತಿಗೆ ಬಂದ ಹೊಸದರಲ್ಲಿ ಇಪ್ಪತ್ತೆರಡು ಕಿಲೋಮೀಟರಿನ ಒಂದು ರಸ್ತೆಯ ಮೇಲ್ವಿಚಾರಣೆಯಲ್ಲಿದ್ದೆ. ಗುತ್ತಿಗೆದಾರನಿಗೆ ಕೆಲಸ ಶುರುಮಾಡಲು ಕಾರ್ಯಾದೇಶ ಕೊಡುವಾಗ ಶೇಕಡ 90ಕ್ಕಿಂತ ಹೆಚ್ಚು ಜಾಗ ಕೈಯಲ್ಲಿತ್ತು. ಕಾಗದದ ಮೇಲೆ ಬಹಳ ಒಳ್ಳೆಯ ಸಂಖ್ಯೆ ಅದು. ಉಳಿದದ್ದು ಚೂರುಪಾರು, ಅದರಲ್ಲಿ ಒಂಬತ್ತನೆಯ ಕಿಲೋಮೀಟರಿನ ಮುನ್ನೂರು ಮೀಟರ್ ಒಂದು. ಅಣ್ಣತಮ್ಮಂದಿರ ನಡುವೆ ಆ ಭೂಮಿಯ ವ್ಯಾಜ್ಯವಿತ್ತು, ಪರಿಹಾರ ಯಾರ ಹೆಸರಿಗೆ ಎಂಬುದೇ ಇತ್ಯರ್ಥವಾಗಿರಲಿಲ್ಲ. ಮುನ್ನೂರು ಮೀಟರ್ ತಾನೆ, ಆಮೇಲೆ ನೋಡಿದರಾಯಿತು ಎಂದುಕೊಂಡೆವು.

ಆ ಮುನ್ನೂರು ಮೀಟರಿನ ಒಂದು ಬದಿಗೆ ಕಡಿಯಬೇಕಾದ ದಿಣ್ಣೆ, ಇನ್ನೊಂದು ಬದಿಗೆ ತುಂಬಬೇಕಾದ ತಗ್ಗು. ರಸ್ತೆ ವಿನ್ಯಾಸದ ಮೊದಲ ಜಾಣತನವೇ ಕಡಿದ ಮಣ್ಣನ್ನು ಪಕ್ಕದ ತಗ್ಗಿಗೆ ಸಾಗಿಸಿ, ಹೊರಗಿನಿಂದ ಆದಷ್ಟು ಕಡಿಮೆ ಮಣ್ಣು ತರುವುದು. ನಡುವೆ ಟಿಪ್ಪರ್ ದಾಟಲಾಗದ ತುಣುಕೊಂದು ಬಿದ್ದಾಗ ದಿಣ್ಣೆಯ ಮಣ್ಣನ್ನು ಎಲ್ಲೋ ಸುರಿಯಬೇಕು, ತಗ್ಗಿನ ಮಣ್ಣನ್ನು ಇನ್ನೆಲ್ಲಿಂದಲೋ ತರಬೇಕು. ನಲವತ್ತು ಸಾವಿರ ಘನ ಮೀಟರ್ ಎಂದು ಇಟ್ಟುಕೊಳ್ಳಿ. ಟಿಪ್ಪರಿಗೆ ಹತ್ತು ಘನ ಮೀಟರಿನಂತೆ ನಾಲ್ಕು ಸಾವಿರ ಸುತ್ತು ಹೊರಗೆ, ಇನ್ನು ನಾಲ್ಕು ಸಾವಿರ ಸುತ್ತು ಒಳಗೆ. ಗುತ್ತಿಗೆದಾರ ಅದಕ್ಕೆ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಜಾಗ ಸಿಗಲಿ ಎಂದು ಕಾದ. ಕಾಯುವಾಗ ಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಕೊಳ್ಳುವವರು ಯಾರು? ಮಣ್ಣು ಅಗೆಯುವ ಎರಡು ಎಕ್ಸ್‌ಕವೇಟರ್, ನೆಲ ಸಮ ಮಾಡುವ ಒಂದು ಗ್ರೇಡರ್ ಬೇರೆ ಕೆಲಸಕ್ಕೆ ಹೋದವು. ಜಾಗ ಕೊನೆಗೂ ಸಿಕ್ಕಾಗ ಯಂತ್ರ ಇರಲಿಲ್ಲ. ಯಂತ್ರ ಬಂದಾಗ ಮಳೆಗಾಲ ಶುರುವಾಗಿತ್ತು. ಯೋಜನೆಯ ಅಂತಿಮ ವರದಿಯಲ್ಲಿ ವಿಳಂಬದ ಕಾರಣ ಎಂದು ಬರೆದದ್ದು 'ಅತಿವೃಷ್ಟಿ'. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನಿಮ್ಮ ಪ್ರಶ್ನಾವಳಿ ಅಂದು ನನ್ನ ಕೈಗೆ ಬಂದಿದ್ದರೆ ನಾನು ಕೂಡ 'ಹವಾಮಾನ' ಎಂಬಲ್ಲಿ ಗುರುತು ಹಾಕುತ್ತಿದ್ದೆನೋ ಏನೋ.

ಆದ್ದರಿಂದ ನೇರ ಉತ್ತರ ಇದು: ಕಾರ್ಯಾದೇಶ ಕೊಟ್ಟ ದಿನ ಜಾಗ ಎಷ್ಟರ ಮಟ್ಟಿಗೆ ಸಿದ್ಧವಾಗಿತ್ತು ಎಂಬುದು ಎಲ್ಲಕ್ಕಿಂತ ದೊಡ್ಡ ಅಂಶ. ಸಿದ್ಧ ಎಂದರೆ ಭೂಮಿ ಕೈಗೆ ಬಂದಿರಬೇಕು, ಅದರ ಮೇಲಿನ ಮನೆ, ಮರ, ಕಂಬ, ಕೊಳವೆಗಳು ಸರಿದಿರಬೇಕು, ಅದರ ಕೆಳಗಿನ ಮಣ್ಣು ಗೊತ್ತಿರಬೇಕು. ಈ ಮೂರೂ ಸರಿಯಿದ್ದಲ್ಲಿ ಉಳಿದ ಮೂವತ್ತೇಳನ್ನು ಒಬ್ಬ ಸಾಧಾರಣ ಗುತ್ತಿಗೆದಾರನೂ ಹೇಗೋ ನಿಭಾಯಿಸುತ್ತಾನೆ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಅತಿ ಸಮರ್ಥನೂ ಒದ್ದಾಡುತ್ತಾನೆ.

ಕಟ್ಟಡಕ್ಕೂ ರಸ್ತೆಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಕಟ್ಟಡದ ಸೈಟಿಗೆ ಬೇಲಿ ಹಾಕಬಹುದು, ಒಂದೆರಡು ಮಾಲೀಕರು, ಒಂದು ಬಗೆಯ ಮಣ್ಣು. ರಸ್ತೆಯ ಸೈಟು ನಲವತ್ತು ಮೀಟರ್ ಅಗಲ, ಐವತ್ತು ಕಿಲೋಮೀಟರ್ ಉದ್ದದ ಪಟ್ಟಿ. ಪ್ರತಿ ನೂರು ಮೀಟರಿಗೆ ಮಾಲೀಕ ಬೇರೆ, ಬೆಳೆ ಬೇರೆ, ಮಣ್ಣು ಬೇರೆ, ಅಡ್ಡ ಹರಿಯುವ ಹಳ್ಳ ಬೇರೆ. ಅದರ ಮೇಲೆ ಮಣ್ಣಿನ ತಂಡ, ಮೋರಿಯ ತಂಡ, ಜಲ್ಲಿಯ ತಂಡ, ಡಾಂಬರಿನ ತಂಡ ಒಂದರ ಹಿಂದೆ ಒಂದು ಮೆರವಣಿಗೆಯಂತೆ ಸಾಗಬೇಕು. ಮುಂದಿನವನು ನಿಂತಾಗ ಹಿಂದಿನವರೆಲ್ಲ ನಿಲ್ಲುತ್ತಾರೆ, ಇಲ್ಲವೇ ಅಡೆತಡೆಯನ್ನು ಬಿಟ್ಟು ಆಚೆಗೆ ಹಾರುತ್ತಾರೆ. ಹಾರುವುದು ಸುಲಭವೆಂದು ಹೊರಗಿನವರಿಗೆ ಕಾಣುತ್ತದೆ. ಡಾಂಬರು ಹಾಸುವ ಯಂತ್ರವಾದ ಪೇವರ್ ಅನ್ನು ಕಿತ್ತು ಟ್ರೇಲರಿಗೆ ಏರಿಸಿ ಎರಡು ಕಿಲೋಮೀಟರ್ ಆಚೆ ಇಳಿಸಿ ಮತ್ತೆ ಸಾಲಿಗೆ ತರಲು ಒಂದು ದಿನ ಹಿಡಿಯುತ್ತದೆ. ಬಿಟ್ಟುಬಂದ ತುಣುಕಿಗೆ ಆಮೇಲೆ ಹಿಂತಿರುಗಲು ಇನ್ನೊಂದು ದಿನ. ಎರಡು ತುದಿಯ ಕೂಡುಜಾಗಗಳಲ್ಲಿ ರಸ್ತೆ ಜೀವಮಾನವಿಡೀ ತಗ್ಗುದಿಣ್ಣೆಯಾಗಿಯೇ ಉಳಿಯುತ್ತದೆ. ಹಾಗಾಗಿ 'ಶೇಕಡ 90 ಜಾಗ ಸಿಕ್ಕಿದೆ' ಎಂಬ ಮಾತಿಗೆ ಬೆಲೆ ಕಟ್ಟುವ ಮೊದಲು, ಉಳಿದ ಶೇಕಡ 10 ಒಂದೇ ತುದಿಯಲ್ಲಿದೆಯೇ ಅಥವಾ ಹದಿನೈದು ಕಡೆ ಚದುರಿದೆಯೇ ಎಂದು ಕೇಳಬೇಕು. ಮೊದಲನೆಯದು ಸಣ್ಣ ತೊಂದರೆ. ಎರಡನೆಯದರಲ್ಲಿ ರಸ್ತೆಯೇ ಇಲ್ಲ, ಹದಿನಾರು ತುಂಡುಗಳಿವೆ.

ಅಂತರರಾಷ್ಟ್ರೀಯ ಗುತ್ತಿಗೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಮಾದರಿ ಷರತ್ತುಗಳ ಸಂಗ್ರಹವಾದ, ಸಲಹೆಗಾರ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್ ಹೊರತಂದ 'ಕೆಂಪು ಪುಸ್ತಕ'ದ 1999ರ ಆವೃತ್ತಿ ಇದನ್ನು ಚೆನ್ನಾಗಿ ಬಲ್ಲದು. ನಿಗದಿತ ಸಮಯದೊಳಗೆ ಸೈಟಿನ ಎಲ್ಲ ಭಾಗಗಳನ್ನೂ ಒಪ್ಪಿಸುವುದು ಕೆಲಸ ಕೊಟ್ಟವನ ಹೊಣೆ ಎಂದು ಅದರ 2.1ನೆಯ ಉಪವಿಧಿ ಹೇಳುತ್ತದೆ. ತಪ್ಪಿದರೆ ಗುತ್ತಿಗೆದಾರನಿಗೆ ಅವಧಿ ವಿಸ್ತರಣೆ, ಖರ್ಚು, ಅದರ ಮೇಲೆ ಲಾಭಾಂಶ ಮೂರೂ ಸಲ್ಲುತ್ತವೆ. ಮಳೆ ವಿಪರೀತವಾಗಿ ಸುರಿದಾಗ ಸಿಗುವುದು ಅವಧಿ ಮಾತ್ರ, ಹಣವಿಲ್ಲ. ಯಾವ ತಪ್ಪು ಯಾರದು ಎಂಬ ತಕ್ಕಡಿ ಅಲ್ಲೇ ಇದೆ. ಅಂದ ಹಾಗೆ, ಅಂತಿಮ ವರದಿಗಳಲ್ಲಿ ಮಳೆಯ ಹೆಸರು ಅಷ್ಟೊಂದು ಜನಪ್ರಿಯವಾಗಿರುವುದಕ್ಕೂ ಈ ತಕ್ಕಡಿಗೂ ನಂಟಿದೆ. ಮಳೆ ಎಂದು ಬರೆದರೆ ಯಾರೂ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದನ್ನು ನಿಮ್ಮ ಪ್ರಬಂಧದಲ್ಲಿ ಸೇರಿಸಿಕೊಳ್ಳಿ. 1994ರ ಜನವರಿ 17ರಂದು ಲಾಸ್ ಏಂಜಲೀಸ್ ಬಳಿ ನಾರ್ತ್‌ರಿಜ್ ಭೂಕಂಪವಾಗಿ ಸಾಂಟಾ ಮೋನಿಕಾ ಫ್ರೀವೇಯ ಸೇತುವೆಗಳು ಕುಸಿದವು. ಮರುನಿರ್ಮಾಣಕ್ಕೆ ಗುತ್ತಿಗೆಯಲ್ಲಿ 140 ದಿನ ಕೊಟ್ಟಿದ್ದರು. ಬೇಗ ಮುಗಿಸಿದ ಪ್ರತಿ ದಿನಕ್ಕೆ ಎರಡು ಲಕ್ಷ ಡಾಲರ್ ಬಹುಮಾನ, ತಡವಾದ ಪ್ರತಿ ದಿನಕ್ಕೆ ಅಷ್ಟೇ ದಂಡ. ಗುತ್ತಿಗೆದಾರ 66 ದಿನಗಳಲ್ಲಿ ಮುಗಿಸಿ, ಉಳಿಸಿದ 74 ದಿನಗಳಿಗೆ 1 ಕೋಟಿ 48 ಲಕ್ಷ ಡಾಲರ್ ಬಹುಮಾನ ಪಡೆದ. ಈ ಕಥೆಯನ್ನು ಹೇಳುವವರೆಲ್ಲ ಬಹುಮಾನದ ಮಹಿಮೆಯನ್ನು ಹೊಗಳುತ್ತಾರೆ. ಬಹುಮಾನ ಕೆಲಸ ಮಾಡಿದ್ದು ನಿಜ, ಹಗಲು ರಾತ್ರಿ ಪಾಳಿ ನಡೆದದ್ದೂ ನಿಜ. ಆದರೆ ಅಲ್ಲಿ ಏನೇನು ಇರಲಿಲ್ಲ ಎಂಬುದನ್ನು ಗಮನಿಸಿ. ಕೊಳ್ಳಬೇಕಾದ ಭೂಮಿ ಇರಲಿಲ್ಲ, ರಸ್ತೆ ಮೊದಲೇ ಸರ್ಕಾರದ್ದು. ರಸ್ತೆಗೆ ಹೊಸ ಮಾರ್ಗ ಹುಡುಕಬೇಕಾಗಿರಲಿಲ್ಲ, ಹಳೆಯ ಜಾಗದಲ್ಲೇ ಸೇತುವೆ ಏಳಬೇಕು. ತುರ್ತುಸ್ಥಿತಿ ಘೋಷಿಸಿ ಮಾಮೂಲಿ ಅನುಮತಿಗಳ ಸರದಿಯನ್ನು ಬದಿಗಿಟ್ಟಿದ್ದರು. ವಾಹನಗಳನ್ನು ಬಿಟ್ಟುಕೊಂಡು ಕೆಲಸ ಮಾಡುವ ಕರ್ಮವೂ ಇರಲಿಲ್ಲ, ದಾರಿಯೇ ಮುಚ್ಚಿತ್ತು. ಹೀಗೆ ಜಾಗ ಸಿದ್ಧವಾಗಿದ್ದುದರಿಂದಲೇ ಬಹುಮಾನಕ್ಕೆ ಕಚ್ಚಿಕೊಳ್ಳಲು ಹಲ್ಲು ಬಂತು. ಅದೇ ಬಹುಮಾನವನ್ನು ನನ್ನ ಮುನ್ನೂರು ಮೀಟರಿನ ಗುತ್ತಿಗೆದಾರನಿಗೆ ತೋರಿಸಿದ್ದರೆ ಅವನು ನಕ್ಕು ಚಹಾ ಕುಡಿಯುತ್ತಿದ್ದ.

ಭೂಮಿಯ ಜೊತೆಗೆ ಬರುವ ಇನ್ನೊಂದು ಪೀಡೆ ನೆಲದಡಿಯ ಕೊಳವೆ, ಕೇಬಲ್‌ಗಳು. ನೀರಿನವರ ನಕ್ಷೆ, ಚರಂಡಿಯವರ ನಕ್ಷೆ, ವಿದ್ಯುತ್ತಿನವರ ನಕ್ಷೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆಯಾದರೂ ನೆಲ ಅಗೆದಾಗ ಕಾಣುವುದು ನಾಲ್ಕನೆಯದು. ಸರಿಸುವ ಕೆಲಸ ಆಯಾ ಸಂಸ್ಥೆಯದು, ಅವರ ಆದ್ಯತೆ ಬೇರೆ, ಅವರ ಹಣಕಾಸು ವರ್ಷದ ಲೆಕ್ಕ ಬೇರೆ. ರಸ್ತೆಯವನ ತಡ ಅವರ ತಲೆನೋವಲ್ಲ. ಅಮೆರಿಕದ ಬಾಸ್ಟನ್ ನಗರದ ಮಧ್ಯದ ಹೆದ್ದಾರಿಯನ್ನು ನೆಲದಡಿಗೆ ಇಳಿಸಿದ 'ಬಿಗ್ ಡಿಗ್' ಯೋಜನೆಯಲ್ಲಿ ಸುರಂಗ ತೋಡುವ ಮೊದಲು 31 ಸಂಸ್ಥೆಗಳಿಗೆ ಸೇರಿದ ಸುಮಾರು 29 ಮೈಲಿ ಉದ್ದದ ಅನಿಲ, ವಿದ್ಯುತ್, ದೂರವಾಣಿ, ನೀರು ಮತ್ತು ಚರಂಡಿ ಮಾರ್ಗಗಳನ್ನು ಸರಿಸಬೇಕಾಯಿತು. 1991ರಲ್ಲಿ ಶುರುವಾದ ನಿರ್ಮಾಣ 2007ರವರೆಗೆ ಎಳೆಯಿತು. 1982ರ ಬೆಲೆಯಲ್ಲಿ 2.8 ಶತಕೋಟಿ ಡಾಲರ್ ಎಂದಿದ್ದ ಅಂದಾಜು 14 ಶತಕೋಟಿಯನ್ನು ದಾಟಿತು. ಇಪ್ಪತ್ತೈದು ವರ್ಷಗಳ ಹಣದುಬ್ಬರ ಇದರಲ್ಲಿ ಸೇರಿದೆ, ಆದ್ದರಿಂದ ಐದು ಪಟ್ಟು ಎಂದು ಕಣ್ಣುಮುಚ್ಚಿ ಬರೆಯಬೇಡಿ. ವೆಚ್ಚ ಹೋಲಿಸುವಾಗ ಯಾವ ವರ್ಷದ ಬೆಲೆ ಎಂದು ನೋಡದಿರುವುದು ಪ್ರಬಂಧಗಳಲ್ಲಿ ನಾನು ಪದೇಪದೇ ಕಾಣುವ ತಪ್ಪು.

ಇನ್ನು ಮಣ್ಣು. ಭೂಮಿಗೆ ಕಾಗದಪತ್ರವಾದರೂ ಇರುತ್ತದೆ, ಮಣ್ಣಿಗೆ ಅದೂ ಇಲ್ಲ. ಮಣ್ಣು ಪರೀಕ್ಷಿಸಲು ಕೊರೆದ ಎರಡು ಗುಂಡಿಗಳ ನಡುವಿನದೆಲ್ಲ ಊಹೆ. ಕೆಲಸ ಮಂಜೂರಾಗಲಿ ಎಂಬ ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಮಣ್ಣು ಪರೀಕ್ಷೆಯ ಬಾಬ್ತಿಗೆ. ಅಲ್ಲಿ ಉಳಿಸಿದ ಪುಡಿಗಾಸನ್ನು ಆಮೇಲೆ ಮೂಟೆಯಲ್ಲಿ ತೆರಬೇಕಾಗುತ್ತದೆ. ತೇವಕ್ಕೆ ಉಬ್ಬಿ, ಬಿಸಿಲಿಗೆ ಬಿರಿಯುವ ಜೇಡಿ ಸಿಕ್ಕರೆ ಅದನ್ನು ತೆಗೆದು ಬೇರೆ ಮಣ್ಣು ಹಾಕಬೇಕು ಅಥವಾ ಸುಣ್ಣ ಬೆರೆಸಿ ಪಳಗಿಸಬೇಕು. ಆಳವಾದ ಮೆದು ಜೇಡಿಯ ಮೇಲೆ ರಸ್ತೆಗಾಗಿ ಮಣ್ಣಿನ ಏರಿ ಹಾಕಬೇಕಾದಲ್ಲಿ ಆ ಜೇಡಿ ಭಾರಕ್ಕೆ ಅದುಮಿ ಕೂರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ನೀರು ಬಸಿಯುವ ಪಟ್ಟಿಗಳನ್ನು ನೆಟ್ಟು ಆ ಕಾಲವನ್ನು ತಗ್ಗಿಸಬಹುದು, ಆದರೆ ಅದನ್ನು ಮೊದಲೇ ಯೋಚಿಸಿರಬೇಕು. ಅರ್ಧ ಏರಿ ಹಾಕಿ ಬಿರುಕು ಕಂಡ ಮೇಲೆ ಯೋಚಿಸುವುದು ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

1942ರಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು ಕೆನಡಾವನ್ನು ಹಾದು ಅಲಾಸ್ಕಾಕ್ಕೆ ಎರಡು ಸಾವಿರದ ನಾನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕಚ್ಚಾ ದಾರಿಯನ್ನು ಎಂಟು ತಿಂಗಳ ಆಸುಪಾಸಿನಲ್ಲಿ ಕಡಿದರು. ಹತ್ತು ಸಾವಿರಕ್ಕೂ ಮಿಕ್ಕಿ ಸೈನಿಕರಿದ್ದರು, ಯುದ್ಧಕಾಲ, ಹಣಕ್ಕೆ ಕೇಳುವವರಿಲ್ಲ, ಭೂಮಿಗೂ ತಕರಾರಿಲ್ಲ. ಅವರನ್ನು ನಿಲ್ಲಿಸಿದ್ದು ನೆಲ. ಕೆಲವು ಕಡೆ ನೆಲದಡಿಯಲ್ಲಿ ವರ್ಷವಿಡೀ ಕರಗದ ಹಿಮಮಣ್ಣು ಇತ್ತು. ರೂಢಿಯಂತೆ ಬುಲ್ಡೋಜರ್‌ನಿಂದ ಮೇಲಿನ ಪಾಚಿ, ಗಿಡಗಂಟಿಗಳನ್ನು ಕೆರೆದರು. ಹೊದಿಕೆ ಹೋದದ್ದೇ ತಡ, ಬಿಸಿಲಿಗೆ ಹಿಮಮಣ್ಣು ಕರಗಿ ದಾರಿ ಕೆಸರಿನಲ್ಲಿ ಮುಳುಗಿತು. ಕೆರೆಯುವುದನ್ನು ಬಿಟ್ಟು, ಪಾಚಿಯನ್ನು ಇದ್ದಂತೆಯೇ ಉಳಿಸಿ, ಅದರ ಮೇಲೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಮಣ್ಣು ಹಾಕಿದಾಗ ಮಾತ್ರ ದಾರಿ ಗಟ್ಟಿಯಾಗಿ ಉಳಿಯಿತು. ಹಣವೂ ಜನವೂ ಜಾಗವೂ ಇದ್ದು ಮಣ್ಣಿನ ತಿಳಿವಳಿಕೆ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇಷ್ಟು ಶುದ್ಧವಾದ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

ಮಳೆಯನ್ನು ನಾನು ಹಗುರ ಮಾಡಿದೆನೆಂದು ಅನ್ನಿಸಿರಬಹುದು. ಮಳೆ ದೊಡ್ಡ ಅಂಶವೇ, ಆದರೆ ಅನಿರೀಕ್ಷಿತವಲ್ಲ. ಅದರ ಹಾನಿ ಸುರಿದ ದಿನಕ್ಕೆ ಮುಗಿಯುವುದಿಲ್ಲ, ಮಳೆ ನಿಂತರೂ ಮರದ ಹನಿ ನಿಲ್ಲದು. ಮಣ್ಣು ಗಟ್ಟಿಯಾಗಿ ದಮ್ಮಸ್ಸಾಗಲು ಒಂದು ಹದವಾದ ತೇವ ಬೇಕೆಂದು ಕ್ಯಾಲಿಫೋರ್ನಿಯಾದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ತೋರಿಸಿಕೊಟ್ಟರು. ತೇವ ಕಡಿಮೆಯಾದರೆ ಕಣಗಳು ಜಾರಿ ಒತ್ತೊತ್ತಾಗಿ ಕೂರುವುದಿಲ್ಲ, ಹೆಚ್ಚಾದರೆ ಸಂದುಗಳಲ್ಲಿ ನೀರೇ ತುಂಬಿಕೊಂಡು ರೋಲರ್ ಎಷ್ಟು ಸಲ ಓಡಿದರೂ ಮಣ್ಣು ರಬ್ಬರಿನಂತೆ ತೊನೆಯುತ್ತದೆ. ಒಂದು ರಾತ್ರಿಯ ಮಳೆಗೆ ಹರಡಿಟ್ಟ ಮಣ್ಣು ನೆಂದರೆ ಅದನ್ನು ಕೆದಕಿ, ಒಣಗಿಸಿ, ಮತ್ತೆ ಹದಕ್ಕೆ ತರಲು ನಾಲ್ಕಾರು ದಿನ ಬೇಕು. ಅದಕ್ಕೇ ಜಾಣ ಗುತ್ತಿಗೆದಾರ ಮಣ್ಣಿನ ಕೆಲಸವನ್ನು ಒಣಗಾಲಕ್ಕೆ ಇಟ್ಟು, ಮೋರಿಗಳನ್ನು ಅದಕ್ಕೂ ಮೊದಲೇ ಮುಗಿಸಿ, ಸಂಜೆ ಹೊರಡುವ ಮುನ್ನ ಮಣ್ಣಿನ ಮೇಲ್ಮೈಗೆ ಓರೆ ಕೊಟ್ಟು ರೋಲರ್ ಓಡಿಸಿ ಮುಚ್ಚುತ್ತಾನೆ. ಆದರೆ ಜಾಗ ಒಣಗಾಲದ ಕೊನೆಗೆ ಕೈಗೆ ಬಂದಲ್ಲಿ ಯಾವ ಜಾಣತನಕ್ಕೂ ಸ್ಥಳವಿಲ್ಲ. ಎರಡು ತಿಂಗಳ ತಡ ಹೀಗೆ ಒಂದು ಋತುವಿನ ತಡವಾಗುತ್ತದೆ. ಡಾಂಬರಿಗೂ ಇಂಥದೇ ಹಟವಿದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆರೆಸಿದ ಮಿಶ್ರಣ ಆರುವ ಮೊದಲೇ ರೋಲರ್ ಕೆಳಗೆ ಬರಬೇಕು. ಲಾರಿ ದಾರಿಯಲ್ಲಿ ಸಿಕ್ಕಿಕೊಂಡರೆ ಆ ಹೊರೆಯನ್ನು ಎಸೆಯಬೇಕು. ಎಸೆಯದೆ ಹಾಸಿದ ಜಾಗಗಳನ್ನು ಮುಂದಿನ ವರ್ಷದ ಗುಂಡಿಗಳು ತೋರಿಸಿಕೊಡುತ್ತವೆ.

ಹಣದ ವಿಷಯದಲ್ಲಿ ಗುತ್ತಿಗೆದಾರರ ದೂರು ಸುಳ್ಳಲ್ಲ. ತಿಂಗಳಿಗೆ ಹತ್ತು ಪಾಲು ಕೆಲಸ ಮಾಡುವವನ ಬಿಲ್ಲು ಮೂರು ತಿಂಗಳ ನಂತರ ಪಾವತಿಯಾದರೆ ಯಾವಾಗಲೂ ಮೂವತ್ತು ಪಾಲು ಹಣ ಅವನ ಕೈಯಿಂದ ಹೊರಗಿರುತ್ತದೆ. ಅಷ್ಟನ್ನು ಸಾಲವಾಗಿ ತಂದರೆ ಬಡ್ಡಿ ಲಾಭವನ್ನು ತಿನ್ನುತ್ತದೆ. ಮೊದಲು ನಿಲ್ಲುವುದು ಕ್ವಾರಿಯ ಉದ್ದರಿ, ಆಮೇಲೆ ಡೀಸೆಲ್, ಆಮೇಲೆ ಉಪಗುತ್ತಿಗೆದಾರರು ಒಬ್ಬೊಬ್ಬರಾಗಿ ಕಾಲು ತೆಗೆಯುತ್ತಾರೆ. ಸೈಟಿನಲ್ಲಿ ಬೆಳಗ್ಗೆ ಯಂತ್ರಗಳನ್ನು ಎಣಿಸಿ ನೋಡಿದರೆ ಬಿಲ್ಲು ಬಂದಿದೆಯೋ ಇಲ್ಲವೋ ಹೇಳಬಹುದು. ಫಿಡಿಕ್‌ನ ಅದೇ 1999ರ ಷರತ್ತುಗಳಲ್ಲಿ ಗುತ್ತಿಗೆದಾರ ಲೆಕ್ಕ ಸಲ್ಲಿಸಿದ 56 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ಬಡ್ಡಿ. ಗುತ್ತಿಗೆದಾರನೂ ಸಾಚಾ ಅಲ್ಲ. ಅತಿ ಕಡಿಮೆ ದರ ಕೂಗಿ ಟೆಂಡರ್ ಗೆದ್ದು, ಮೊದಲು ಬರುವ ಮಣ್ಣಿನ ಕೆಲಸಕ್ಕೆ ಹೆಚ್ಚು ದರ, ಕೊನೆಗೆ ಬರುವ ಮೇಲ್ಪದರಕ್ಕೆ ಕಡಿಮೆ ದರ ನಮೂದಿಸಿರುತ್ತಾನೆ. ಮಣ್ಣು ಹಾಕುವವರೆಗೆ ಓಟ, ಆಮೇಲೆ ನಷ್ಟದ ಕೆಲಸವೆಂದು ಕುಂಟಾಟ. ಅಷ್ಟರಲ್ಲಿ ವಿನ್ಯಾಸ ಬದಲಾವಣೆಯೊಂದು ಬಂದರೆ ಅವನಿಗೆ ಹಬ್ಬ, ಹೊಸ ದರ ಕೇಳಲು ದಾರಿಯಾಯಿತು. ಅತಿ ಕಡಿಮೆ ದರವನ್ನು ನೋಡಿದ ಕೂಡಲೇ ಸಂತೋಷಪಡುವ ಅಧಿಕಾರಿಗಳನ್ನು ಕಂಡು ನನಗೆ ಯಾವತ್ತೂ ಅಚ್ಚರಿಯೇ.

ವೆಚ್ಚದ ಅಂದಾಜುಗಳೇ ಮೊದಲಿನಿಂದ ಆಶಾವಾದಿಯಾಗಿರುತ್ತವೆ ಎಂಬುದನ್ನೂ ಮರೆಯಬೇಡಿ. ಡೆನ್ಮಾರ್ಕಿನ ಬೆಂಟ್ ಫ್ಲುಬಿಯರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತು ದೇಶಗಳ 258 ಸಾರಿಗೆ ಯೋಜನೆಗಳಿದ್ದವು. ಹತ್ತರಲ್ಲಿ ಸುಮಾರು ಒಂಬತ್ತು ಯೋಜನೆಗಳು ಅಂದಾಜನ್ನು ಮೀರಿದ್ದವು, ರಸ್ತೆಗಳ ಸರಾಸರಿ ಹೆಚ್ಚಳ ಸುಮಾರು ಶೇಕಡ 20. ಎಪ್ಪತ್ತು ವರ್ಷಗಳ ಉದ್ದಕ್ಕೂ ಇದು ಸುಧಾರಿಸಿರಲಿಲ್ಲ. ಕೇವಲ ಅರಿಯದೆ ಮಾಡಿದ ತಪ್ಪಾಗಿದ್ದರೆ ಅಷ್ಟು ವರ್ಷಗಳಲ್ಲಿ ಯಾರಾದರೂ ಕಲಿಯುತ್ತಿದ್ದರು ಎಂಬುದು ಅವರ ವಾದ. ಮಂಜೂರಾತಿ ಸಿಗಲೆಂದು ಅಂದಾಜನ್ನು ತಗ್ಗಿಸಿ ಬರೆಯುತ್ತಾರೆ ಎಂದು ಅವರು ಬಿಡಿಸಿಯೇ ಹೇಳಿದರು. ನನ್ನ ಅನುಭವವೂ ಬೇರೆಯಲ್ಲ. ಮಣ್ಣು ಪರೀಕ್ಷೆಗೆ ಕತ್ತರಿ, ಕೊಳವೆ ಸರಿಸುವುದಕ್ಕೆ ನೆಪಮಾತ್ರದ ಮೊತ್ತ, ಭೂಸ್ವಾಧೀನಕ್ಕೆ ಆರು ತಿಂಗಳು ಎಂದು ಬರೆಯುವ ಆ ಟೇಬಲ್ಲಿನ ಮೇಲೆಯೇ ಮುಂದಿನ ವಿಳಂಬಕ್ಕೆ ಅಡಿಗಲ್ಲು ಬೀಳುತ್ತದೆ. ರಾಜಕೀಯ ಹಸ್ತಕ್ಷೇಪ ಎಂದು ನೀವು ಬರೆದದ್ದು ಹೆಚ್ಚಾಗಿ ಇಲ್ಲೇ ಬಂದು ಸೇರುತ್ತದೆ: ಜಾಗ ಸಿಗುವ ಮೊದಲೇ ಶಂಕುಸ್ಥಾಪನೆಯ ದಿನ ಗೊತ್ತಾಗಿರುತ್ತದೆ. ಲಂಚದ ವಿಷಯ ಪ್ರತ್ಯೇಕ ಅಂಶವಾಗಿ ನಿಮ್ಮ ಪಟ್ಟಿಯಲ್ಲಿ ಇರಲಿ, ಪ್ರಶ್ನಾವಳಿಯಲ್ಲಿ ಅದಕ್ಕೆ ಪ್ರಾಮಾಣಿಕ ಉತ್ತರ ಬರುವುದಿಲ್ಲ.

ಕಾರ್ಮಿಕರ ಕೊರತೆ, ಯಂತ್ರ ಕೆಡುವುದು, ತಂತ್ರಜ್ಞಾನ, ತರಬೇತಿ ಇವೆಲ್ಲ ಇವೆ, ಆದರೆ ಚಾಲ್ತಿಯಲ್ಲಿರುವ ಸೈಟಿನಲ್ಲಿ ಇವು ವಾರಗಳ ಮಾತು, ವರ್ಷಗಳದ್ದಲ್ಲ. ಮೇಲ್ವಿಚಾರಣೆಗೆ ಮಾತ್ರ ಒಂದು ಸಾಲು ಹೆಚ್ಚು ಕೊಡಿ. ಪ್ರತಿ ಪದರವನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ಮುಂದಿನ ಪದರ ಬೀಳಬೇಕು. ಒಪ್ಪಿಗೆ ಕೊಡುವ ಎಂಜಿನಿಯರು ಮೂರು ಸೈಟುಗಳಿಗೆ ಒಬ್ಬನೇ ಇದ್ದಲ್ಲಿ, ತಂಡ ಅವನಿಗಾಗಿ ಕಾಯುತ್ತದೆ ಅಥವಾ ಕಾಯದೆ ಮುಂದುವರಿಯುತ್ತದೆ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಇಂದಿಗೂ ನಾನು ತೀರ್ಮಾನಿಸಿಲ್ಲ.

ನಿಮ್ಮ ಪ್ರಬಂಧಕ್ಕೆ ಹೀಗೆ ಮಾಡಬಹುದು. ನೂರೈವತ್ತು ಜನರಿಗೆ ಪ್ರಶ್ನಾವಳಿ ಹಂಚುವ ಬದಲು ಮುಗಿದ ನಾಲ್ಕು ರಸ್ತೆಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಒಂದು ಸಮಯ-ದೂರ ನಕ್ಷೆ ಬರೆಯಿರಿ: ಅಡ್ಡಕ್ಕೆ ಕಿಲೋಮೀಟರ್, ಲಂಬಕ್ಕೆ ತಿಂಗಳು. ಮಣ್ಣು, ಮೋರಿ, ಜಲ್ಲಿ, ಡಾಂಬರು ಒಂದೊಂದೂ ಒಂದೊಂದು ಓರೆಗೆರೆ. ಯೋಜಿಸಿದ್ದು ಒಂದು ಬಣ್ಣದಲ್ಲಿ, ನಡೆದದ್ದು ಇನ್ನೊಂದರಲ್ಲಿ. ಅದರ ಮೇಲೆ ಪ್ರತಿ ತುಣುಕಿನ ಜಾಗ ಕೈಗೆ ಬಂದ ದಿನಾಂಕ, ಕಂಬ ಕೊಳವೆಗಳು ಸರಿದ ದಿನಾಂಕ, ಪರಿಷ್ಕೃತ ನಕ್ಷೆ ಬಂದ ದಿನಾಂಕ, ಬಿಲ್ಲು ಪಾವತಿಯಾದ ದಿನಾಂಕ ಗುರುತಿಸಿ. ಗೆರೆ ಎಲ್ಲಿ ಮೊದಲು ಮುರಿಯಿತೋ ಅಲ್ಲಿಂದ ಹಿಂದಕ್ಕೆ ನಡೆಯಿರಿ. ನಾಲ್ಕು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಲವತ್ತು ಅಂಶಗಳಲ್ಲಿ ಎಷ್ಟು ಬೇರು, ಎಷ್ಟು ಎಲೆ ಎಂದು ಕಣ್ಣಿಗೇ ಕಾಣುತ್ತದೆ. ದಿನಾಂಕಗಳು ಕಡತಗಳಲ್ಲಿ ಪೂರ್ತಿ ಸಿಗುವುದಿಲ್ಲ. ಅದಕ್ಕಾಗಿ ಯೋಜನಾ ನಿರ್ದೇಶಕರ ಬಳಿ ಹೋಗಬೇಡಿ, ಆ ಸೈಟಿನಲ್ಲಿ ಗೂಟ ಹೊಡೆದು ಮಟ್ಟ ಹಿಡಿದ ಸರ್ವೇಯರನ್ನು ಹುಡುಕಿ. ಯಾವ ಕಿಲೋಮೀಟರಿನಲ್ಲಿ ಯಾವ ತಿಂಗಳು ತನ್ನ ಗೂಟವನ್ನು ಯಾರು ಕಿತ್ತೆಸೆದರು ಎಂಬುದು ಅವನಿಗೆ ಬಾಯಿಪಾಠವಾಗಿರುತ್ತದೆ.